ಹುಚ್ಚನಿಗೆ ಶಿಕ್ಷೆಯೇ ಇಲ್ಲ ಅಂತೀರಾ? 54 ವರ್ಷದ ಈ ಕತೆ ಕೇಳಿ!

ಬಸ್ ಸ್ಟ್ಯಾಂಡ್ ಇರುವ ಊರಲ್ಲೆಲ್ಲ ಅಂಥವನೊಬ್ಬ ಇದ್ದೇ ಇರುತ್ತಾನೆ. ಜಡೆಗಟ್ಟಿದ ತಲೆ, ಒಂದರ ಮೇಲೊಂದು ಎರಡು ಮೂರು ಅಂಗಿ, ಕಂಕುಳಲ್ಲಿ ಹಳೇ ಪೇಪರಿನ ಕಟ್ಟು. ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಾನೆ. ಹೋಟೆಲಿನವರು ಮಿಕ್ಕಿದ ಇಡ್ಲಿ ಕೊಟ್ಟರೆ ತಿನ್ನುತ್ತಾನೆ. ಕಂಡಕ್ಟರು ಗದರಿದರೆ ಸರಿದು ಕೂರುತ್ತಾನೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಯಾರಿಗೂ ಬೇಕಾಗಿಯೂ ಇಲ್ಲ.

ಒಂದು ದಿನ ಅದೇನಾಯಿತೋ, ಕೈಗೆ ಸಿಕ್ಕ ಕಲ್ಲು ತೆಗೆದು ಬೀಸಿಬಿಟ್ಟ ಅಂತಿಟ್ಟುಕೊಳ್ಳಿ. ಎದುರಂಗಡಿಯ ಷೋಕೇಸಿನ ಗಾಜು ಪುಡಿಪುಡಿ. ಎರಡನೇ ಕಲ್ಲು ಬಸ್ಸಿಗೆ ಕಾಯುತ್ತಿದ್ದವರೊಬ್ಬರ ಹಣೆಗೆ. ಬುಳಬುಳ ರಕ್ತ. ಜನ ಸೇರುತ್ತಾರೆ, ನಾಲ್ಕು ಬಾರಿಸುತ್ತಾರೆ. ಪೋಲೀಸರು ಬಂದು ಎಳೆದೊಯ್ಯುತ್ತಾರೆ. ಮಾರನೇ ದಿನ ಕೋರ್ಟಿಗೆ ಹಾಜರು.

ಅಲ್ಲಿಗೆ ನಮ್ಮ ಲೆಕ್ಕ ಮುಗಿಯಿತು. ಅಂಗಡಿಯವರು ಹೊಸ ಗಾಜು ಹಾಕಿಸಿದರು. ಪೆಟ್ಟು ತಿಂದವರು ಹೊಲಿಗೆ ಬಿಚ್ಚಿಸಿಕೊಂಡರು. ತಿಂಗಳಾದ ಮೇಲೆ ಯಾರೋ ಕೇಳುತ್ತಾರೆ: "ಆ ಹುಚ್ಚ ಏನಾದನ್ರೀ?" ಪಕ್ಕದವರು ಬೀಡಿ ಹಚ್ಚುತ್ತ ಹೇಳುತ್ತಾರೆ: "ಬಿಟ್ಟಿರ್ತಾರೆ ಬಿಡ್ರೀ. ಹುಚ್ಚನಿಗೆಲ್ಲಿ ಶಿಕ್ಷೆ? ಸರ್ಟಿಫಿಕೇಟು ತೋರಿಸಿದ್ರೆ ಆಯ್ತು, ಹೊರಗೆ!"

ಈ ಮಾತು ನಮ್ಮೂರ ಕಟ್ಟೆಗಳ ಮೇಲೆ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆದರೆ ಇದು ನಿಜವೇ? ನಿಜ ಇದಕ್ಕೆ ಪೂರಾ ಉಲ್ಟಾ ಅಂದರೆ ನಂಬುತ್ತೀರಾ? ಬುದ್ಧಿ ನೆಟ್ಟಗಿದ್ದವನು ಇದೇ ತಪ್ಪು ಮಾಡಿ, ಶಿಕ್ಷೆ ಮುಗಿಸಿ, ಮನೆ ಸೇರಿ, ಮೊಮ್ಮಕ್ಕಳನ್ನು ಆಡಿಸುವ ಹೊತ್ತಿಗೂ ಬುದ್ಧಿ ಕೆಟ್ಟವನು ವಿಚಾರಣೆಯೇ ಇಲ್ಲದೆ ಒಳಗೇ ಕೂತಿದ್ದ ಪ್ರಸಂಗಗಳು ಈ ದೇಶದಲ್ಲಿ ಆಗಿವೆ.

ಆವತ್ತಿನ ಬುದ್ಧಿ, ಇವತ್ತಿನ ಬುದ್ಧಿ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಇಂಥ ಆಪಾದಿತನ ವಿಷಯದಲ್ಲಿ ಕೋರ್ಟಿನ ಮುಂದೆ ಬರುವುದು ಒಂದು ಪ್ರಶ್ನೆ ಅಲ್ಲ, ಎರಡು. ಕಲ್ಲು ಬೀಸಿದ ಆ ದಿನ ಅವನ ಬುದ್ಧಿ ಹೇಗಿತ್ತು? ಇವತ್ತು ಕಟಕಟೆಯಲ್ಲಿ ನಿಂತಿರುವಾಗ ಹೇಗಿದೆ?

ಆವತ್ತಿನ ಬುದ್ಧಿಯ ಮಾತು ಹಳೇ ದಂಡಸಂಹಿತೆಯ 84ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಾಗಿದೆ. ತಾನು ಮಾಡುತ್ತಿರುವುದು ಏನು, ಅದು ತಪ್ಪು ಎಂಬುದೇ ತಿಳಿಯದಷ್ಟು ಚಿತ್ತ ಕೆಟ್ಟಿದ್ದವನು ಮಾಡಿದ್ದು ಅಪರಾಧವಲ್ಲ ಅನ್ನುತ್ತದೆ ಅದು. ಆದರೆ ಇದು ವಿಚಾರಣೆ ನಡೆದು, ಸಾಕ್ಷಿ ನುಡಿದು, ರುಜುವಾತಾಗಬೇಕಾದ ವಿಷಯ. ರುಜುವಾತಾಗಿ ಖುಲಾಸೆಯಾದರೂ ಅವನು ನೆಟ್ಟಗೆ ಮನೆಗೆ ಹೋಗುವಂತಿಲ್ಲ. ಕೃತ್ಯ ಮಾಡಿದವನು ಅವನೇ ಹೌದೋ ಅಲ್ಲವೋ ಎಂದು ತೀರ್ಪಿನಲ್ಲಿ ಬರೆಯಲೇಬೇಕು. ಹೌದಾದರೆ ಒಂದೋ ಭದ್ರವಾದ ಕಡೆ ಇರಿಸಬೇಕು, ಇಲ್ಲವೇ ಜವಾಬ್ದಾರಿ ಹೊತ್ತ ನೆಂಟರಿಷ್ಟರ ಕೈಗೆ ಒಪ್ಪಿಸಬೇಕು.

ಇವತ್ತಿನ ಬುದ್ಧಿಯ ಮಾತು ಬೇರೆ. ಇವತ್ತು ಅವನಿಗೆ ತನ್ನ ಮೇಲಿರುವ ಆರೋಪ ಏನೆಂದು ತಿಳಿಯುತ್ತದೆಯೇ? ತನ್ನ ವಕೀಲರಿಗೆ "ಹೀಗಲ್ಲ ಸಾರ್, ನಡೆದದ್ದು ಹೀಗೆ" ಎಂದು ಹೇಳಬಲ್ಲನೇ? ಸಾಕ್ಷಿ ಸುಳ್ಳು ಹೇಳಿದರೆ ಗುರುತು ಹಿಡಿಯಬಲ್ಲನೇ? ಇದಾವುದೂ ಆಗದವನ ಮೇಲೆ ಕೇಸು ನಡೆಸುವುದೆಂದರೆ ಕೈಕಾಲು ಕಟ್ಟಿದವನನ್ನು ಕುಸ್ತಿ ಅಖಾಡಕ್ಕೆ ಇಳಿಸಿದ ಹಾಗೆ. ಗೆದ್ದವರಿಗೂ ಮರ್ಯಾದೆಯಿಲ್ಲ. ಆದ್ದರಿಂದ ಕಾನೂನು ಹೇಳುತ್ತದೆ: ಅವನು ಚೇತರಿಸಿಕೊಳ್ಳುವವರೆಗೆ ವಿಚಾರಣೆ ನಿಲ್ಲಿಸಿ.

ಗಮನಿಸಿ, ನಿಲ್ಲಿಸಿ ಅಂದದ್ದು. ಬಿಟ್ಟುಬಿಡಿ ಅಂದಿಲ್ಲ, ಶಿಕ್ಷಿಸಿ ಎಂದೂ ಅಂದಿಲ್ಲ. ಅವನು ತಪ್ಪಿತಸ್ಥನೂ ಅಲ್ಲ, ನಿರಪರಾಧಿಯೂ ಅಲ್ಲ. ತ್ರಿಶಂಕು. ಎಡವಟ್ಟು ಶುರುವಾಗುವುದು ಇಲ್ಲಿಂದ.

ಕೋರ್ಟು ಏನು ಮಾಡಬಹುದು?

ಈ ಬಾಬತ್ತು ಹೊಸದೇನಲ್ಲ. ಬ್ರಿಟಿಷರ 1898ರ ಕಾಯ್ದೆಯಲ್ಲೂ ಇತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 328ರಿಂದ 339ರವರೆಗಿನ ಕಲಮುಗಳಾಗಿ ಬಂತು. 2008ರಲ್ಲಿ ದೊಡ್ಡದೊಂದು ತಿದ್ದುಪಡಿಯಾಯಿತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 367ರಿಂದ 378. ನಂಬರು ಬದಲಾಗಿದೆ, ಹೂರಣ ಹೆಚ್ಚುಕಮ್ಮಿ ಅದೇ. ಅಂಗಡಿ ಭಾಷೆಯಲ್ಲಿ ಹೇಳೋದಾದರೆ ನಡೆಯುವ ಕ್ರಮ ಹೀಗೆ.

ಆಪಾದಿತನ ಚಿತ್ತ ಸರಿಯಿಲ್ಲ ಎಂದು ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ ಮುಖ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ಸರಕಾರಿ ವೈದ್ಯಾಧಿಕಾರಿಯ ಹತ್ತಿರ ಪರೀಕ್ಷೆ ಮಾಡಿಸಬೇಕು. ಆ ವೈದ್ಯರನ್ನು ಸಾಕ್ಷಿಯಾಗಿ ಕರೆದು ಹೇಳಿಕೆ ಬರೆದುಕೊಳ್ಳಬೇಕು. ಚಿತ್ತ ಸರಿಯಿಲ್ಲ ಎಂದು ಅವರಿಗೆ ಕಂಡರೆ, ಸರಕಾರಿ ಆಸ್ಪತ್ರೆಯ ಅಥವಾ ಸರಕಾರಿ ಮೆಡಿಕಲ್ ಕಾಲೇಜಿನ ಮನೋವೈದ್ಯರ ಬಳಿಗೆ ಕಳಿಸಬೇಕು. ಅವರ ಅಭಿಪ್ರಾಯ ಒಪ್ಪಿಗೆಯಾಗದಿದ್ದರೆ ಮೇಲೆ ವೈದ್ಯಕೀಯ ಮಂಡಳಿಯುಂಟು. ಬೀದಿಯ ಸರ್ಟಿಫಿಕೇಟು ತೋರಿಸಿ ಹೊರಬರುವ ಮಾತು ಇಲ್ಲಿಗೇ ಸತ್ತಿತು.

ತನ್ನ ಕಡೆಯ ವಾದ ಹೇಳಿಕೊಳ್ಳಲು ಅವನು ಅಸಮರ್ಥ ಎಂದು ಖಚಿತವಾದರೆ, ಕೋರ್ಟು ಅವನನ್ನು ಪ್ರಶ್ನೆ ಮಾಡದೆ, ಅವನ ವಕೀಲರ ಮಾತು ಕೇಳಿ, ಪೋಲೀಸರು ಕೊಟ್ಟ ದಾಖಲೆಯನ್ನು ಒಮ್ಮೆ ನೋಡಬೇಕು. ಕೇಸಿನಲ್ಲಿ ಮೇಲುನೋಟಕ್ಕೂ ಹುರುಳಿಲ್ಲದಿದ್ದರೆ ಸುಮ್ಮನೆ ವರ್ಷಗಟ್ಟಲೆ ಮುಂದೂಡುವ ಹಾಗಿಲ್ಲ, ಆರೋಪದಿಂದ ಬಿಡಬೇಕು. ಹುರುಳಿದ್ದರೆ ಚಿಕಿತ್ಸೆಗೆ ಎಷ್ಟು ಕಾಲ ಬೇಕೆಂದು ಮನೋವೈದ್ಯರು ಹೇಳುತ್ತಾರೋ ಅಷ್ಟು ಕಾಲಕ್ಕೆ ಮುಂದೂಡಬೇಕು. "ಮುಂದಿನ ಆದೇಶದ ತನಕ" ಅಂತ ಬರೆದು ಕಡತ ಕಟ್ಟಿಡಿ ಎಂದು ಕಾನೂನು ಹೇಳಿಲ್ಲ.

ಹುಟ್ಟಿನಿಂದಲೇ ಬುದ್ಧಿ ಬೆಳೆಯದವರ ವಿಷಯ ಬೇರೆ. ಮದ್ದು ಕೊಟ್ಟು ಕಾದರೆ ವಾಸಿಯಾಗುವ ಕಾಯಿಲೆ ಅದಲ್ಲವಲ್ಲ? ಹಾಗಾಗಿ ಅಂಥವರ ವಿಷಯದಲ್ಲಿ ಕಾಯುತ್ತ ಕೂರದೆ ಪ್ರಕರಣ ಮುಗಿಸಿ, ಆರೈಕೆಯ ದಾರಿ ನೋಡಿ ಎಂದಿದೆ.

ಆಮೇಲೆ ಬರುವುದೇ ಮುಖ್ಯ ಪ್ರಶ್ನೆ. ಅಷ್ಟು ದಿನ ಅವನು ಎಲ್ಲಿರಬೇಕು?

ಹೊಸ ಸಂಹಿತೆಯ 369ನೇ ಕಲಂ ಇದಕ್ಕೆ ಉತ್ತರ. ಜಾಮೀನು ಸಿಗುವ ಕೇಸಾಗಲಿ, ಸಿಗದ ಕೇಸಾಗಲಿ, ಆಸ್ಪತ್ರೆಯಲ್ಲಿ ಮಲಗಿಸಿ ಚಿಕಿತ್ಸೆ ಕೊಡುವ ಅಗತ್ಯವಿಲ್ಲದಿದ್ದರೆ, ಮತ್ತು ಒಬ್ಬ ಸಂಬಂಧಿಕನೋ ಸ್ನೇಹಿತನೋ ಮುಂದೆ ಬಂದು "ಹತ್ತಿರದ ಆಸ್ಪತ್ರೆಯಲ್ಲಿ ತಪ್ಪದೆ ತೋರಿಸುತ್ತೇನೆ, ಇವನು ತನಗಾಗಲಿ ಇತರರಿಗಾಗಲಿ ಅಪಾಯ ಮಾಡದ ಹಾಗೆ ನೋಡಿಕೊಳ್ಳುತ್ತೇನೆ" ಎಂದು ಬರೆದುಕೊಟ್ಟರೆ, ಅವನನ್ನು ಜಾಮೀನಿನ ಮೇಲೆ ಬಿಡಬೇಕು. ಬಿಡಬಹುದು ಅಲ್ಲ ಸ್ವಾಮಿ, ಬಿಡಬೇಕು.

ಅಂಥವರಾರೂ ಇಲ್ಲ, ಅಥವಾ ಬಿಡುವಂಥ ಕೇಸಲ್ಲ ಎಂದರೆ? ಆಗಲೂ ಜೈಲಿನ ಮೂಲೆ ಎಂದು ಕಾನೂನು ಹೇಳಿಲ್ಲ. ತಪ್ಪದೆ ಮನೋರೋಗ ಚಿಕಿತ್ಸೆ ಸಿಗುವ ಜಾಗದಲ್ಲಿ ಇರಿಸಿ, ರಾಜ್ಯ ಸರಕಾರಕ್ಕೆ ವರದಿ ಕಳಿಸಿ ಎಂದಿದೆ. ಸರಕಾರಿ ಮಾನಸಿಕ ಆಸ್ಪತ್ರೆಗೆ ಸೇರಿಸುವುದಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ನಿಯಮದಂತೆಯೇ ಸೇರಿಸಬೇಕು. ಮತ್ತೆ ಕೃತ್ಯ ಎಂಥದು, ಕಾಯಿಲೆ ಎಷ್ಟು ಎಂಬುದನ್ನು ತೂಗಿ ನೋಡಿ, ಭದ್ರತೆ ತೆಗೆದುಕೊಂಡು ಬಿಡಬಹುದೋ, ಆರೈಕೆ ಮತ್ತು ತರಬೇತಿ ಕೊಡುವ ವಸತಿ ಕೇಂದ್ರಕ್ಕೆ ಕಳಿಸಬೇಕೋ ಎಂದು ತೀರ್ಮಾನಿಸಬೇಕು.

ಚೇತರಿಸಿಕೊಂಡರೆ? ವಿಚಾರಣೆ ನಿಂತಲ್ಲಿಂದ ಮತ್ತೆ ಶುರು. ಜೈಲಿನಲ್ಲಿದ್ದರೆ ಕಾರಾಗೃಹಗಳ ಮಹಾನಿರೀಕ್ಷಕರು, ಆಸ್ಪತ್ರೆಯಲ್ಲಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯವರು "ಈಗ ಇವನು ತನ್ನ ವಾದ ಹೇಳಿಕೊಳ್ಳಬಲ್ಲ" ಎಂದು ದೃಢಪತ್ರ ಕೊಟ್ಟರೆ ಕೋರ್ಟಿಗೆ ಕರೆತರಬೇಕು.

ಓದೋದಕ್ಕೆ ಎಷ್ಟು ಚೆನ್ನಾಗಿದೆ! ಕಾಗದದ ಮೇಲೆ ಕಲ್ಲುಸಕ್ಕರೆ. ಆದರೆ ನಡೆದದ್ದು ಏನು?

ಹುಚ್ಚು ಬಿಡೋ ತನಕ...

ನಮ್ಮಲ್ಲೊಂದು ಗಾದೆಯಿದೆಯಲ್ಲ: ಹುಚ್ಚು ಬಿಡೋ ತನಕ ಮದುವೆ ಆಗೋಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋಲ್ಲ. ನಗೆಯಾಡಲು ಹೇಳಿದ ಈ ಗಾದೆಯೇ ಕೆಲವರ ಬಾಳಿಗೆ ಬೀಗ ಹಾಕಿದೆ. ಕಾಯಿಲೆ ವಾಸಿಯಾಗದೆ ವಿಚಾರಣೆಯಿಲ್ಲ, ವಿಚಾರಣೆಯಾಗದೆ ಬಿಡುಗಡೆಯಿಲ್ಲ. ಒಳಗೆ ಸರಿಯಾದ ಚಿಕಿತ್ಸೆ ಇಲ್ಲದಿದ್ದರೆ ಕಾಯಿಲೆ ವಾಸಿಯಾಗುವುದಾದರೂ ಹೇಗೆ? ವಾಸಿಯಾದರೂ ಅದನ್ನು ಕೋರ್ಟಿಗೆ ತಿಳಿಸುವವರು ಯಾರು?

ಅಸ್ಸಾಂ ರಾಜ್ಯದ ಕತೆ ಕೇಳಿ. ಒಬ್ಬ ಬುಡಕಟ್ಟಿನ ಯುವಕ. 1951ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಯಾರನ್ನೋ ತೀವ್ರವಾಗಿ ಗಾಯಗೊಳಿಸಿದ ಆರೋಪದ ಮೇಲೆ ಪೋಲೀಸರು ಹಿಡಿದರು. ಚಿತ್ತ ಸರಿಯಿಲ್ಲವೆಂದು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. 1967ರಲ್ಲಿ ಆಸ್ಪತ್ರೆಯವರು "ಈತ ಈಗ ಸರಿಯಾಗಿದ್ದಾನೆ" ಎಂದು ಬರೆದರು. ಹದಿನಾರು ವರ್ಷ ಆಗಿತ್ತು. ಆದರೂ ಸರಿಹೋಯಿತಲ್ಲ, ಇನ್ನು ಕೋರ್ಟಿಗೋ ಊರಿಗೋ ಹೋದ ಅಂದುಕೊಂಡಿರಾ? ಊಹೂಂ. ಗುವಾಹಟಿಯ ಜೈಲಿಗೆ ಕಳಿಸಿದರು. ಅಲ್ಲಿ ಮತ್ತೆ ಮೂವತ್ತೆಂಟು ವರ್ಷ!

ಹೊರಗೆ ಬಂದದ್ದು 2005ರಲ್ಲಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕಣ್ಣಿಗೆ ಬಿದ್ದ ಮೇಲೆ. ಒಟ್ಟು 54 ವರ್ಷ. ಬಿಡುವಾಗ ಬರೆಸಿಕೊಂಡ ಮುಚ್ಚಳಿಕೆಯ ಮೊತ್ತ ಎಷ್ಟು ಗೊತ್ತೇ? ಒಂದು ರೂಪಾಯಿ. ಅರ್ಧ ಶತಮಾನಕ್ಕೂ ಮೇಲೆ ಒಬ್ಬನನ್ನು ಹಿಡಿದಿಟ್ಟ ಬೀಗ ಒಂದು ರೂಪಾಯಿಗೆ ತೆಗೆಯಿತು. ಸುಪ್ರೀಂ ಕೋರ್ಟು ಆಮೇಲೆ ಮೂರು ಲಕ್ಷ ರೂಪಾಯಿ ಪರಿಹಾರ, ತಿಂಗಳಿಗೆ ಸಾವಿರ ರೂಪಾಯಿ ಕೊಡಿ ಎಂದು ಅಸ್ಸಾಂ ಸರಕಾರಕ್ಕೆ ಹೇಳಿತು. ಇಪ್ಪತ್ತಮೂರಕ್ಕೆ ಒಳಗೆ ಹೋದವನು ಎಪ್ಪತ್ತೇಳಕ್ಕೆ ಹೊರಗೆ ಬಂದ. 2007ರಲ್ಲಿ ತೀರಿಕೊಂಡ. ಊರಿನ ಗಾಳಿ ಕುಡಿದದ್ದು ಎರಡು ವರ್ಷ ಚಿಲ್ಲರೆ.

ವಿಚಾರಣೆ ಆಯಿತೇ? ಕೊನೆಗೂ ಇಲ್ಲ. ಅವನು ಗಾಯ ಮಾಡಿದ್ದು ನಿಜವೋ ಸುಳ್ಳೋ ಎಂದು ಯಾವ ಕೋರ್ಟೂ ತೀರ್ಮಾನಿಸಲಿಲ್ಲ.

ಇದೊಂದೇ ಅಂತೀರಾ? 1982ರಲ್ಲಿ ಬಿಹಾರದ ಹಜಾರಿಬಾಗಿನ ಉಚಿತ ಕಾನೂನು ನೆರವು ಸಮಿತಿಯವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರಿಗೆ ಒಂದು ಕಾಗದ ಬರೆದರು. ಹಜಾರಿಬಾಗ್ ಈಗ ಜಾರ್ಖಂಡಿಗೆ ಸೇರಿದೆ. ಅಲ್ಲಿಯ ಕೇಂದ್ರ ಕಾರಾಗೃಹದಲ್ಲಿ ಹುಚ್ಚರೆಂದು ಇರಿಸಿದ್ದ ಹದಿನಾರು ಮಂದಿಯ ಸಂಗತಿ ಆ ಕಾಗದದಲ್ಲಿತ್ತು. ಇಪ್ಪತ್ತು, ಮೂವತ್ತು ವರ್ಷಗಳಿಂದ ಕೂತವರು! ಅವರಲ್ಲಿ ಎಷ್ಟೋ ಮಂದಿಯ ಚಿತ್ತ ಸರಿಹೋಗಿ ವರ್ಷಗಳೇ ಸಂದಿದ್ದವು. ಕೋರ್ಟು ಆ ಕಾಗದವನ್ನೇ ಅರ್ಜಿಯೆಂದು ತೆಗೆದುಕೊಂಡಿತು. ಬಿಡುಗಡೆಗೆ ಆಜ್ಞೆ ಮಾಡಿತು. ಊರಿಗೆ ಹೋಗಲು ದಾರಿಖರ್ಚು, ಒಂದು ವಾರದ ಊಟದ ಖರ್ಚು ಕೊಟ್ಟು ಕಳಿಸಿ ಎಂದಿತು.

ಉತ್ತರ ಪ್ರದೇಶದ್ದು ಇನ್ನೊಂದು. 1968ರಲ್ಲಿ ಕೊಲೆ ಆರೋಪದ ಮೇಲೆ ಹಿಡಿದವನು ವಿಚಾರಣೆಯಿಲ್ಲದೆ 38 ವರ್ಷ ಒಳಗಿದ್ದಾನೆ ಎಂದು 2006ರಲ್ಲಿ ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು. ಆ ಸುದ್ದಿ ಓದಿಯೇ ಸುಪ್ರೀಂ ಕೋರ್ಟು ತಾನಾಗಿ ಕೇಸು ಕೈಗೆತ್ತಿಕೊಂಡಿತು.

ಈ ಮೂರೂ ಕತೆಯಲ್ಲಿ ಒಂದು ಸಾಮಾನ್ಯ ಅಂಶವಿದೆ. ಯಾರೂ ಬೇಕೆಂದು ಕೆಟ್ಟದ್ದು ಮಾಡಲಿಲ್ಲ. ಯಾವ ಜಡ್ಜೂ "ಇವನು 54 ವರ್ಷ ಕೊಳೆಯಲಿ" ಎಂದು ಬರೆಯಲಿಲ್ಲ. ಬರೆಯಲೇ ಇಲ್ಲ, ಅದೇ ತೊಂದರೆ. ಶಿಕ್ಷೆಯಾದವನಿಗೆ ಬಿಡುಗಡೆಯ ತಾರೀಖು ಇರುತ್ತದೆ. ಆ ದಿನ ಬಂದರೆ ಗೇಟು ತೆಗೆಯಲೇಬೇಕು. ಇವನಿಗೆ ತಾರೀಖೇ ಇಲ್ಲ. ಆಸ್ಪತ್ರೆಯವರು ಜೈಲಿನವರು ನೋಡಿಕೊಳ್ಳುತ್ತಾರೆ ಅಂದುಕೊಂಡರು. ಜೈಲಿನವರು ಕೋರ್ಟಿನಿಂದ ಕರೆ ಬರಲಿ ಅಂದುಕೊಂಡರು. ಕೋರ್ಟಿನವರು ಆಸ್ಪತ್ರೆಯಿಂದ ವರದಿ ಬರಲಿ ಅಂದುಕೊಂಡರು. ಮೂವರ ನಡುವೆ ಒಬ್ಬ ಮನುಷ್ಯ ಮುದುಕನಾದ.

ಗಾಜಿನ ಲೆಕ್ಕ ಯಾರು ಕೊಡೋರು?

ಇಷ್ಟು ಓದಿದ ಅಂಗಡಿ ಸಾಹುಕಾರರು ಕೇಳಬಹುದು: "ಅದೆಲ್ಲ ಸರಿ ಸ್ವಾಮಿ. ಒಡೆದದ್ದು ನನ್ನ ಗಾಜು. ಪೆಟ್ಟು ಬಿದ್ದದ್ದು ನಮ್ಮ ಗಿರಾಕಿಗೆ. ನಾಳೆ ಅವನನ್ನ ಬಿಟ್ಟರೆ ಮತ್ತೆ ಕಲ್ಲು ಬೀಸೋಲ್ಲ ಅಂತ ಏನು ಗ್ಯಾರಂಟಿ?"

ನ್ಯಾಯವಾದ ಪ್ರಶ್ನೆ. ಪೆಟ್ಟು ತಿಂದವರ ಸಂಕಟ ಹಗುರವಲ್ಲ. ದೊಡ್ಡ ಅಪರಾಧವಾಗಿದ್ದರೆ, ಮನೆಯವರನ್ನು ಕಳೆದುಕೊಂಡವರಿದ್ದರೆ, "ಅವನಿಗೆ ಕಾಯಿಲೆ" ಎಂಬ ಮಾತು ಗಾಯಕ್ಕೆ ಉಪ್ಪು ಸವರಿದಂತೆ ಇರುತ್ತದೆ. ಕಾನೂನು ಅವರನ್ನು ಮರೆತಿಲ್ಲ. ವಿಚಾರಣೆ ಸತ್ತಿಲ್ಲ, ಮಲಗಿದೆ ಅಷ್ಟೆ. ಅವನು ಸರಿಹೋದ ದಿನ ಅದು ಏಳುತ್ತದೆ. ಬಿಡುವಾಗಲೂ ಬರಿಗೈಯಲ್ಲಿ ಬಿಡುವುದಿಲ್ಲ. ಯಾರು ನೋಡಿಕೊಳ್ಳುತ್ತಾರೆ, ಎಲ್ಲಿ ಚಿಕಿತ್ಸೆ ಎಂದು ಬರೆಸಿಕೊಂಡೇ ಬಿಡಬೇಕು.

ಇನ್ನು ಭಯದ ಮಾತು. ಯೋಚನೆ ಮಾಡಿ. ಮದ್ದಿಲ್ಲದೆ ವರ್ಷಗಟ್ಟಲೆ ಕತ್ತಲೆ ಕೋಣೆಯಲ್ಲಿ ಕೂಡಿಟ್ಟವನು ಒಂದು ದಿನ ಹೊರಬಂದರೆ ಸಮಾಧಾನವಾಗಿರುತ್ತಾನೋ, ತಿಂಗಳು ತಿಂಗಳು ಆಸ್ಪತ್ರೆಗೆ ಹೋಗಿ ಮಾತ್ರೆ ನುಂಗುತ್ತಿರುವವನು ಸಮಾಧಾನವಾಗಿರುತ್ತಾನೋ? ಅಂಗಡಿ ಗಾಜಿನ ಮೇಲೆ ಕಾಳಜಿ ಇರುವವರೇ ಅವನ ಮಾತ್ರೆಯ ಬಗ್ಗೆ ಮೊದಲು ಕೇಳಬೇಕು.

ತಾರೀಖಿಗೆ ಒಂದು ದಾರಿ

ಹಾಗಾದರೆ ಈ ತಾರೀಖಿಲ್ಲದ ಬಂಧನಕ್ಕೆ ಮಿತಿಯೇ ಇಲ್ಲವೇ? ಒಂದಿಷ್ಟಿದೆ.

ಎಲ್ಲ ವಿಚಾರಣಾಧೀನ ಕೈದಿಗಳಿಗೆ ಅನ್ವಯವಾಗುವ ಒಂದು ನಿಯಮ 2005ರ ತಿದ್ದುಪಡಿಯಲ್ಲಿ ಬಂತು. ಹಳೇ ಸಂಹಿತೆಯ 436ಎ, ಹೊಸದರಲ್ಲಿ 479. ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗೆ ಕಳೆದಿದ್ದರೆ ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನಾದರೆ ಮೂರರಲ್ಲಿ ಒಂದು ಪಾಲು ಸಾಕು. ಮೂರು ವರ್ಷದ ಶಿಕ್ಷೆಯ ಕೇಸಾದರೆ ಲೆಕ್ಕ ಹಾಕಿ: ಮೊದಲ ಸಲದವನಿಗೆ ಒಂದು ವರ್ಷ, ಉಳಿದವರಿಗೆ ಒಂದೂವರೆ. ಕಾರಣ ಬರೆದು ಕೋರ್ಟು ಇನ್ನಷ್ಟು ದಿನ ಇರಿಸಬಹುದು. ಮೇಲೆ ಬೇರೆ ಕೇಸುಗಳೂ ಇದ್ದರೆ ಈ ಜಾಮೀನು ಸಿಗದು. ಏನೇ ಆದರೂ ವಿಚಾರಣೆ ಮುಗಿಯಲಿಲ್ಲವೆಂದು ಗರಿಷ್ಠ ಶಿಕ್ಷೆಯ ಅವಧಿ ದಾಟಿ ಒಂದು ದಿನವೂ ಇಡುವ ಹಾಗಿಲ್ಲ. ಇನ್ನೂ ಒಳ್ಳೆಯದೆಂದರೆ, ಹೊಸ ಸಂಹಿತೆಯಲ್ಲಿ ಅವಧಿ ಮುಗಿದ ಕೂಡಲೆ ಕೋರ್ಟಿಗೆ ಅರ್ಜಿ ಹಾಕುವ ಹೊಣೆಯನ್ನು ಜೈಲು ಸೂಪರಿಂಟೆಂಡೆಂಟರ ತಲೆಗೇ ಕಟ್ಟಿದ್ದಾರೆ. ಕೈದಿಗೆ ಬಾಯಿಲ್ಲದಿದ್ದರೂ ಜೈಲಿಗೆ ಬಾಯಿರಬೇಕು.

ಆದರೆ ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸುಗಳಿಗೆ ಈ ಅರ್ಧದ ಲೆಕ್ಕವಿಲ್ಲ. ಕೊಲೆ ಆರೋಪ ಹೊತ್ತು, ಚಿತ್ತ ಕೆಟ್ಟು, ನೆಂಟರೂ ಕೈಬಿಟ್ಟವನಿಗೆ ಈ ಕಲಮಿನಿಂದ ತಾರೀಖು ಸಿಗುವುದಿಲ್ಲ. ಅವನ ಕಡತದ ಮೇಲೆ ಯಾರಾದರೂ ಕಣ್ಣಿಟ್ಟಿರಲೇಬೇಕು.

ಅದಕ್ಕೂ ಬಾಗಿಲುಗಳಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವನಿಗೆ, ಅದು ಜೈಲಾಗಲಿ ಮಾನಸಿಕ ಆಸ್ಪತ್ರೆಯಾಗಲಿ, ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು. ಪ್ರತಿ ಜಿಲ್ಲಾ ಕೇಂದ್ರದಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಸಹಾಯವಾಣಿ 15100. ಇನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ, ಅದು ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ, ಪ್ರತಿ ರಾಜ್ಯದಲ್ಲೂ ಕಡೇಪಕ್ಷ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸೆಯ ಏರ್ಪಾಡು ಇರಲೇಬೇಕು ಎನ್ನುತ್ತದೆ.

ಚಿಕಿತ್ಸೆಯ ಮಾತು ಬಂದಾಗ ನಾವು ಕನ್ನಡನಾಡಿನವರು ಸ್ವಲ್ಪ ಎದೆ ಎತ್ತಿಯೂ ಮಾತಾಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ; ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮಾನಸಿಕ ಕಾಯಿಲೆಗೆ ರಾಜಧಾನಿಗೇ ಓಡಬೇಕಾಗಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲೂ ಮದ್ದು ಕೊಡಬಹುದು ಎಂದು ಇಡೀ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಅಲ್ಲಿ ಮಾಡಿದ ಪ್ರಯೋಗವೇ ಮಾದರಿಯಾಗಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ಕಾನೂನು "ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ" ಎಂದದ್ದು ಆಕಾಶಕ್ಕೆ ಏಣಿ ಹಾಕಿದ ಮಾತಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹೊರರೋಗಿ ಚೀಟಿಯೇ ಆ ಮಾತಿನ ಅರ್ಥ. ಟೆಲಿ ಮಾನಸ್ ಎಂಬ 14416 ನಂಬರಿಗೆ ಯಾರು ಬೇಕಾದರೂ ಫೋನು ಮಾಡಿ ಸಲಹೆ ಕೇಳಬಹುದು.

ಹಾಗಿದ್ದರೂ ಕೊರತೆ ಎಲ್ಲಿ?

ಆ ಒಂದು ಪದ

ಕೊರತೆ ಆ ಒಂದು ಪದದಲ್ಲಿದೆ: ಸಂಬಂಧಿಕ ಅಥವಾ ಸ್ನೇಹಿತ.

ಮತ್ತೆ ನಮ್ಮ ಬಸ್ ಸ್ಟ್ಯಾಂಡಿಗೆ ಬನ್ನಿ. ಅವನಿಗೆ ಸಂಬಂಧಿಕರಿದ್ದಾರೆಯೇ? ಎಲ್ಲೋ ಇರಬಹುದು. ಹುಡುಕಿ ಸೋತು ಸುಮ್ಮನಾಗಿರಬಹುದು, ಸತ್ತ ಅಂದುಕೊಂಡಿರಬಹುದು. ಕೋರ್ಟಿಗೆ ಬಂದರೆ ವಕೀಲರ ಫೀಜು, ಬಸ್ ಛಾರ್ಜು, ಕೂಲಿ ನಷ್ಟ, ಊರವರ ಕುಹಕ. ಮಗಳ ಮದುವೆ ಮುಂದಿದ್ದರಂತೂ ತಂದೆತಾಯಿಯೂ ಬಾಯಿ ಹೊಲಿದುಕೊಳ್ಳುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ನಾವೇ ಆ ಜಾಗದಲ್ಲಿದ್ದರೆ ಎಷ್ಟು ಧೈರ್ಯ ಇರುತ್ತಿತ್ತೋ!

ಆದ್ದರಿಂದಲೇ ಕಾನೂನು "ಅಥವಾ ಸ್ನೇಹಿತ" ಎಂದು ಸೇರಿಸಿದೆ. ರಕ್ತಸಂಬಂಧ ಬೇಕೆಂದಿಲ್ಲ. ಹೊಸ ಸಂಹಿತೆಯ 378ನೇ ಕಲಮಿನಲ್ಲೂ ಇದೇ ಮಾತು: ಒಳಗಿರುವವನನ್ನು ನನ್ನ ಆರೈಕೆಗೆ ಕೊಡಿ ಎಂದು ನೆಂಟನೋ ಸ್ನೇಹಿತನೋ ರಾಜ್ಯ ಸರಕಾರಕ್ಕೆ ಅರ್ಜಿ ಹಾಕಿಕೊಳ್ಳಬಹುದು. ಚೆನ್ನಾಗಿ ನೋಡಿಕೊಳ್ಳುತ್ತೇನೆ, ಹೇಳಿದಾಗ ಹಾಜರುಪಡಿಸುತ್ತೇನೆ ಎಂದು ಭದ್ರತೆ ಕೊಟ್ಟರೆ ಸರಕಾರ ಒಪ್ಪಿಸಬಹುದು. ದಿನಾ ಇಡ್ಲಿ ಕೊಡುತ್ತಿದ್ದ ಹೋಟೆಲಿನವರು, ಮಳೆ ಬಂದಾಗ ಜಗಲಿಯಲ್ಲಿ ಮಲಗಲು ಬಿಟ್ಟ ಅಂಗಡಿಯವರು, ಅವನ ಭಾಷೆ ಯಾವ ಸೀಮೆಯದೆಂದು ಗುರುತು ಹಿಡಿಯಬಲ್ಲ ಡ್ರೈವರು, ಇವರಲ್ಲಿ ಯಾರಾದರೂ ಆ ಸ್ನೇಹಿತ ಆಗಬಹುದು.

"ಅಯ್ಯೋ, ಕೋರ್ಟು ಕಚೇರಿ ನಮಗ್ಯಾಕ್ರೀ? ನಾಳೆ ಅವನು ಓಡಿಹೋದರೆ ನನ್ನ ಕುತ್ತಿಗೆಗೆ ಬರುತ್ತೆ" ಅಂತೀರಾ? ಆ ಹೆದರಿಕೆ ಸುಳ್ಳಲ್ಲ. ಹೊಣೆ ಹೊತ್ತ ಮೇಲೆ ಹೊಣೆಯೇ. ಒಬ್ಬೊಬ್ಬರೇ ಹೊರಲಾಗದ್ದನ್ನು ನಾಲ್ಕು ಜನ ಸೇರಿ ಹೊರುವುದಿಲ್ಲವೇ? ಗಣಪತಿ ಪೆಂಡಾಲಿಗೆ ಚಂದಾ ಎತ್ತುವ ಬೀದಿಗೆ ಒಬ್ಬ ರೋಗಿಯ ಮಾತ್ರೆ ದೊಡ್ಡ ಖರ್ಚಲ್ಲ.

ಅಷ್ಟು ಆಗದಿದ್ದರೆ ಬೇಡ. ಅದಕ್ಕಿಂತ ಸಣ್ಣ ಕೆಲಸವೊಂದಿದೆ, ಅದಕ್ಕೆ ಭದ್ರತೆಯೂ ಬೇಡ, ರುಜುವೂ ಬೇಡ. ಕೇಳುವುದು. ನಿಮ್ಮ ಬೀದಿಯಿಂದ ಪೋಲೀಸರು ಒಯ್ದ ಅಂಥವನೊಬ್ಬ ಇದ್ದರೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಅವನಿಗೆ ವಕೀಲರು ಯಾರು? ವೈದ್ಯರು ನೋಡಿದರೇ? ಎಲ್ಲಿಟ್ಟಿದ್ದಾರೆ? ಮುಂದಿನ ತಾರೀಖು ಯಾವುದು? ಹಜಾರಿಬಾಗಿನ ಹದಿನಾರು ಮಂದಿ ಹೊರಬಂದದ್ದು ಒಂದು ಕಾಗದದಿಂದ. ಉತ್ತರ ಪ್ರದೇಶದವನ ಕೇಸು ಎದ್ದದ್ದು ಒಂದು ಪತ್ರಿಕಾ ಸುದ್ದಿಯಿಂದ. ಅಸ್ಸಾಮಿನವನ ಬೀಗ ತೆಗೆದದ್ದು ಯಾರೋ ಕೇಳಿದ್ದರಿಂದ. ಬೇಸರವೆಂದರೆ, ಕೇಳಲು ಅವರಿಗೆ 54 ವರ್ಷ ಹಿಡಿಯಿತು.

ಸಂಬಂಧಪಟ್ಟವರಲ್ಲಿ ನಮ್ಮದೂ ಒಂದು ವಿನಂತಿ. ಚಿತ್ತ ಕೆಟ್ಟು ವಿಚಾರಣೆ ನಿಂತ ಕೇಸುಗಳಿಗೆ ಪ್ರತಿ ಕೋರ್ಟಿನಲ್ಲಿ ಒಂದು ಬೇರೆ ರಿಜಿಸ್ಟರು ಇಡಿ. ಹೆಸರು, ಬಂದ ದಿನ, ಗರಿಷ್ಠ ಶಿಕ್ಷೆ, ಅರ್ಧ ಮುಗಿಯುವ ದಿನ, ಮುಂದಿನ ವೈದ್ಯ ವರದಿಯ ದಿನ. ಐದು ಕಲಂ ಗೆರೆ ಎಳೆದ ಒಂದು ಪುಸ್ತಕ. ನಮ್ಮ ಅಂಗಡಿ ಸಾಹುಕಾರರು ಸಾಲದ ಲೆಕ್ಕಕ್ಕೆ ಇಡುವುದಕ್ಕಿಂತ ದೊಡ್ಡದೇನಲ್ಲ. ಐದು ರೂಪಾಯಿ ಬಾಕಿಯೂ ತಪ್ಪದ ಹಾಗೆ ಅವರು ಪುಸ್ತಕ ನೋಡುತ್ತಾರೆ. ಒಬ್ಬ ಮನುಷ್ಯನ ಬಾಕಿ ಲೆಕ್ಕ ತಪ್ಪಬಾರದಲ್ಲವೇ?

ಮುಂದಿನ ಸಲ ಬೀಡಿ ಹಚ್ಚುತ್ತ ಯಾರಾದರೂ "ಹುಚ್ಚನಿಗೆಲ್ಲಿ ಶಿಕ್ಷೆ" ಅಂದರೆ, ಆ ಒಂದು ರೂಪಾಯಿಯ ಮುಚ್ಚಳಿಕೆಯ ಕತೆ ಹೇಳಿ. ಆಮೇಲೆ ಕೇಳಿ: "ನಮ್ಮ ಸ್ಟ್ಯಾಂಡಿನವನು ಎಲ್ಲಿದಾನೆ ಅಂತ ನಿಮಗೇನಾದ್ರೂ ಗೊತ್ತಾ?"